ಪೈಪಿನ ಮೇಲೆ ಕಾಲಿಡಲು ಬಿಡದವಳು: ಮೇಬಲ್ ನಾರ್ಮಂಡ್ ಪ್ರಕರಣ

ರಸ್ತೆಗೆ ನೀರು ಹಾಯಿಸುವ ಒಂದು ಪೈಪು. ಈ ಪ್ರಕರಣವನ್ನು ಅಲ್ಲಿಂದಲೇ ಹಿಡಿಯಬೇಕು.

1914ರ ಮೊದಲ ತಿಂಗಳುಗಳಲ್ಲಿ ಒಂದು ದಿನ, ಲಾಸ್ ಏಂಜಲಿಸ್‌ನ ಹೊರವಲಯದಲ್ಲಿ ಕೀಸ್ಟೋನ್ ಕಂಪನಿಯ 'ಮೇಬಲ್ ಅಟ್ ದ ವೀಲ್' ಎಂಬ ಎರಡು ರೀಲಿನ ಹಾಸ್ಯಚಿತ್ರದ ಚಿತ್ರೀಕರಣ ನಡೆದಿತ್ತು. ಖಳನಾಯಕ ರಸ್ತೆಯನ್ನು ಒದ್ದೆ ಮಾಡಬೇಕು, ನಾಯಕಿಯ ಕಾರು ಅದರ ಮೇಲೆ ಜಾರಬೇಕು, ದೃಶ್ಯ ಇಷ್ಟೇ. ಖಳನ ವೇಷದಲ್ಲಿದ್ದವನು ಇಂಗ್ಲೆಂಡಿನ ರಂಗಭೂಮಿಯಿಂದ ಬಂದು ಕಂಪನಿ ಸೇರಿ ಕೆಲವೇ ತಿಂಗಳಾಗಿದ್ದ, ವಾರಕ್ಕೆ 150 ಡಾಲರ್ ಸಂಬಳದ 24ರ ಯುವಕ. ಅವನು ಒಂದು ಸಲಹೆ ಮುಂದಿಟ್ಟ. ತಾನು ಅರಿವಿಲ್ಲದೆ ಪೈಪಿನ ಮೇಲೆ ಕಾಲಿಟ್ಟಿರುತ್ತೇನೆ, ನೀರು ನಿಲ್ಲುತ್ತದೆ, ಏಕೆ ನಿಂತಿತೆಂದು ಪೈಪಿನ ಬಾಯಿಗೆ ಕಣ್ಣಿಟ್ಟು ನೋಡುತ್ತೇನೆ, ಕಾಲೆತ್ತಿದ ಕೂಡಲೇ ನೀರು ಮುಖಕ್ಕೆ ಚಿಮ್ಮುತ್ತದೆ. ನಿರ್ದೇಶಕಿ ಒಪ್ಪಲಿಲ್ಲ. ಅಷ್ಟಕ್ಕೆಲ್ಲ ಸಮಯವಿಲ್ಲ, ಹೇಳಿದಷ್ಟು ಮಾಡು ಎಂದಳು. ಯುವಕ ಹೋಗಿ ರಸ್ತೆಬದಿಯಲ್ಲಿ ಕುಳಿತುಬಿಟ್ಟ. ನೀನು ಹೇಳಿದಂತೆ ಮಾಡುವುದಿಲ್ಲ, ನನಗೆ ಹೇಳಿಕೊಡುವ ಯೋಗ್ಯತೆ ನಿನಗಿದೆ ಎಂದು ನನಗೆ ಅನ್ನಿಸುವುದಿಲ್ಲ ಎಂದುಬಿಟ್ಟ. ಸುತ್ತ ಇದ್ದ ತಂಡದವರು ಅವನಿಗೆ ನಾಲ್ಕು ಬಿಗಿಯಲು ತಯಾರಾಗಿದ್ದರು.

ಯುವಕನ ಹೆಸರು ಚಾರ್ಲಿ ಚಾಪ್ಲಿನ್. ನಿರ್ದೇಶಕಿ ಮೇಬಲ್ ನಾರ್ಮಂಡ್, ವಯಸ್ಸು 21.

ಮೊದಲ ಹೆಸರನ್ನು ಕೇಳದ ಕನ್ನಡಿಗ ಸಿಗುವುದು ಕಷ್ಟ. ಎರಡನೆಯದನ್ನು ಕೇಳಿದವರು, ಸಿನಿಮಾ ಹುಚ್ಚಿನವರನ್ನು ಬಿಟ್ಟರೆ, ಬೆರಳೆಣಿಕೆಯಷ್ಟು ಮಂದಿ ಇರಬಹುದು. ಚಾಪ್ಲಿನ್ ದೊಡ್ಡ ಕಲಾವಿದ, ಆ ಮಾತಿಗೆ ತಕರಾರಿಲ್ಲ. ಆದರೆ ಆ ದಿನ ಆ ರಸ್ತೆಯಲ್ಲಿ ದೊಡ್ಡ ಹೆಸರಿದ್ದದ್ದು ಮೇಬಲ್‌ಗೆ. ಚಿತ್ರದ ಶೀರ್ಷಿಕೆಯಲ್ಲೇ ಅವಳಿದ್ದಾಳೆ. ಜನ ಟಿಕೆಟ್ ಕೊಳ್ಳುತ್ತಿದ್ದದ್ದು ಅವಳ ಮುಖಕ್ಕೆ.

ಪೈಪಿನ ತಮಾಷೆಯ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. ತೋಟಗಾರ ಗಿಡಗಳಿಗೆ ನೀರು ಹಾಯಿಸುತ್ತಿರುತ್ತಾನೆ, ಹುಡುಗನೊಬ್ಬ ಹಿಂದಿನಿಂದ ಬಂದು ಪೈಪು ತುಳಿಯುತ್ತಾನೆ, ತೋಟಗಾರ ಬಗ್ಗಿ ನೋಡುವಾಗ ಹುಡುಗ ಕಾಲೆತ್ತುತ್ತಾನೆ. ಇದನ್ನು ಫ್ರಾನ್ಸಿನ ಲೂಮಿಯೇರ್ ಸಹೋದರರು 1895ರಲ್ಲೇ ತೆರೆಯ ಮೇಲೆ ತೋರಿಸಿದ್ದರು. ಎಂದರೆ ಆ ಸಂಜೆ ಚಾಪ್ಲಿನ್ ಹಟ ಹಿಡಿದದ್ದು 19 ವರ್ಷ ಹಳೆಯ ನಗೆಯೊಂದಕ್ಕಾಗಿ. ಅವನ ಕೈಯಲ್ಲಿ ಅದು ಹೊಸದಾಗುತ್ತಿತ್ತೋ ಏನೋ. ಆದರೆ ವಾರಕ್ಕೆ ಇಂತಿಷ್ಟು ರೀಲು ಒಪ್ಪಿಸಬೇಕಾದ ಕಂಪನಿಯ ನಿರ್ದೇಶಕಿ ಬೇಡ ಎಂದದ್ದು ಅವಳ ಅನರ್ಹತೆಗೆ ಸಾಕ್ಷಿಯಾಗುವುದಿಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ದರೂ ಬೇಡ ಎನ್ನುತ್ತಿದ್ದೆ.

ಇಡೀ ಜಗಳ ನಮಗೆ ತಿಳಿದಿರುವುದು ಚಾಪ್ಲಿನ್ 1964ರಲ್ಲಿ ಪ್ರಕಟಿಸಿದ ಆತ್ಮಕಥೆಯಿಂದ. ಘಟನೆ ನಡೆದು 50 ವರ್ಷವಾಗಿತ್ತು, ಮೇಬಲ್ ಸತ್ತು 34 ವರ್ಷ. ಕಂಪನಿಯ ಯಜಮಾನ ಮ್ಯಾಕ್ ಸೆನೆಟ್ ತನ್ನ ನೆನಪುಗಳನ್ನು ಪುಸ್ತಕ ಮಾಡಿಸಿದ್ದು 1954ರಲ್ಲಿ. ಮೇಬಲ್ ಏನನ್ನೂ ಬರೆದಿಡಲಿಲ್ಲ. ಬರೆಯುವ ವಯಸ್ಸು ಬರುವ ಮೊದಲೇ ಹೋದಳು. ಅವಳ ಬದುಕನ್ನು ಹುಡುಕಿ ಹೋದವರೆಲ್ಲ ಮೊದಲು ಎಡವುವುದು ಈ ಇಬ್ಬರು ಗಂಡಸರ ಪುಸ್ತಕಗಳಿಗೆ.

ಹೆಸರಿಲ್ಲದ ಕಾಲ

ಹುಟ್ಟಿದ್ದು ನ್ಯೂಯಾರ್ಕ್‌ನ ಸ್ಟೇಟನ್ ಐಲೆಂಡ್‌ನಲ್ಲಿ, 1892ರ ನವೆಂಬರ್‌ನಲ್ಲಿ. ಸಮಾಧಿಯ ಕಲ್ಲಿನ ಮೇಲೆ 1895 ಎಂದಿದೆ. ನಟಿಯರ ವಯಸ್ಸು ಕಲ್ಲಿನ ಮೇಲೂ ಮೂರು ವರ್ಷ ಹಿಂದಕ್ಕೆ ಓಡುತ್ತದೆ. ತಂದೆ ಫ್ರೆಂಚ್-ಕೆನಡಾ ಮೂಲದ ಬಡಗಿ, ನಿವೃತ್ತ ನಾವಿಕರ ಆಶ್ರಮವೊಂದರಲ್ಲಿ ಕೆಲಸ. ತಾಯಿಯ ಕಡೆಯವರು ಐರಿಷ್. ಮನೆಯಲ್ಲಿ ದುಡ್ಡಿರಲಿಲ್ಲ. ಹದಿಹರೆಯದಲ್ಲೇ ಮೇಬಲ್ ಚಿತ್ರಕಾರರಿಗೆ ರೂಪದರ್ಶಿಯಾಗಿ ನಿಲ್ಲತೊಡಗಿದಳು. ಅಮೆರಿಕದ ಪತ್ರಿಕೆಗಳಲ್ಲಿ ಹೆಣ್ಣಿನ ಚೆಲುವಿಗೆ ಮಾದರಿ ಹಾಕಿಕೊಟ್ಟ ಚಾರ್ಲ್ಸ್ ಡಾನಾ ಗಿಬ್ಸನ್, ಮುಂದೆ ಯುದ್ಧಕಾಲದಲ್ಲಿ ಬೆರಳು ತೋರಿಸುವ ಅಂಕಲ್ ಸ್ಯಾಮ್ ಭಿತ್ತಿಚಿತ್ರ ಬರೆದ ಜೇಮ್ಸ್ ಮಾಂಟ್ಗೊಮರಿ ಫ್ಲ್ಯಾಗ್, ಇಬ್ಬರ ಮುಂದೆಯೂ ನಿಂತವಳು.

ಅಲ್ಲಿಂದ ಸಿನಿಮಾಕ್ಕೆ ಹೆಚ್ಚು ದೂರವಿರಲಿಲ್ಲ, ಏಕೆಂದರೆ ಆಗ ಸಿನಿಮಾ ಇದ್ದದ್ದೂ ನ್ಯೂಯಾರ್ಕ್‌ನಲ್ಲೇ. ವೈಟಾಗ್ರಾಫ್ ಕಂಪನಿಯಲ್ಲಿ ಬೆಟ್ಟಿ ಎಂಬ ತುಂಟ ಹುಡುಗಿಯ ಪಾತ್ರ ಮಾಡಿದಳು. ಬಯೋಗ್ರಾಫ್ ಕಂಪನಿಯಲ್ಲಿ ನಿರ್ದೇಶಕ ಡಿ. ಡಬ್ಲ್ಯು. ಗ್ರಿಫಿತ್ ಅವಳ ಕಪ್ಪು ಕೂದಲು, ದೊಡ್ಡ ಕಣ್ಣುಗಳನ್ನು ನೋಡಿ ದುಃಖದ ಪಾತ್ರಗಳಿಗೆ ಹಾಕಿದ. ಅದೇ ಬಯೋಗ್ರಾಫ್‌ನಲ್ಲಿ ನಟನಾಗಿದ್ದು, ಆಮೇಲೆ ಹಾಸ್ಯಚಿತ್ರಗಳ ಹೊಣೆ ಹೊತ್ತ ಮ್ಯಾಕ್ ಸೆನೆಟ್ ಅವಳಲ್ಲಿ ಬೇರೆಯದನ್ನೇ ಕಂಡ. ನೀರಿಗೆ ಜಿಗಿಯಲು ಹೆದರದ, ಕೆಸರಿನಲ್ಲಿ ಬೀಳಲು ನಾಚದ, ಎದ್ದು ಕ್ಯಾಮೆರಾದ ಕಡೆ ನೋಡಿದರೆ ಇನ್ನೂ ಚೆಲುವಾಗಿಯೇ ಕಾಣುವ ಹುಡುಗಿ ಅವಳು.

ಆ ಕಾಲದಲ್ಲಿ ಬಯೋಗ್ರಾಫ್ ತನ್ನ ನಟರ ಹೆಸರನ್ನು ಹೊರಗೆ ಹೇಳುತ್ತಿರಲಿಲ್ಲ. ಹೆಸರು ಗೊತ್ತಾದರೆ ಸಂಬಳ ಹೆಚ್ಚು ಕೇಳುತ್ತಾರೆಂಬ ಭಯ. ಆದರೆ ಇಂಗ್ಲೆಂಡಿನ ಪ್ರೇಕ್ಷಕರು ಹೆಸರು ಬೇಕೆಂದು ಕೇಳುತ್ತಿದ್ದರು. ಅಲ್ಲಿನ ವಿತರಕರು ಒಂದು ಉಪಾಯ ಹೂಡಿದರು. ಎಲ್ಲ ನಟರಿಗೂ ತಮ್ಮದೇ ಹೆಸರಿಟ್ಟರು. ಲಂಡನ್ನಿನ ಜಾಹೀರಾತುಗಳಲ್ಲಿ ನಮ್ಮ ಮೇಬಲ್ ಮ್ಯುರಿಯಲ್ ಫೋರ್ಟೆಸ್ಕ್ಯೂ ಆದಳು. ಯಾವುದೋ ಜಮೀನುದಾರರ ಮನೆಯ ಹೆಸರಿನಂತಿದೆ. ಸ್ಟೇಟನ್ ಐಲೆಂಡಿನ ಬಡಗಿಯ ಮಗಳು ಅದನ್ನು ಕೇಳಿ ನಕ್ಕಿರಬೇಕು.

1912ರಲ್ಲಿ ಸೆನೆಟ್ ತನ್ನದೇ ಕೀಸ್ಟೋನ್ ಕಂಪನಿಯನ್ನು ಕಟ್ಟಿದ. ದುಡ್ಡು ಹಾಕಿದವರು ನ್ಯೂಯಾರ್ಕ್‌ನ ಕೆಸೆಲ್ ಮತ್ತು ಬೌಮನ್. ಸ್ಟುಡಿಯೋ ಲಾಸ್ ಏಂಜಲಿಸ್‌ನ ಈಡನ್‌ಡೇಲ್ ಎಂಬ ಬಡಾವಣೆಯಲ್ಲಿ. ಸೆಪ್ಟೆಂಬರ್ 23ರಂದು ಬಿಡುಗಡೆಯಾದ ಕಂಪನಿಯ ಮೊದಲ ಚಿತ್ರಗಳಲ್ಲಿ ಒಂದಾದ 'ದ ವಾಟರ್ ನಿಂಫ್'ನಲ್ಲಿ ಮೇಬಲ್ ಈಜುಡುಗೆಯಲ್ಲಿ ನೀರಿಗೆ ಜಿಗಿಯುತ್ತಾಳೆ. ಕೀಸ್ಟೋನ್ ಎಂದರೆ ನಮಗೆ ನೆನಪಾಗುವುದು ಗುಂಪುಗುಂಪಾಗಿ ಓಡಿ ಬೀಳುವ ಪೊಲೀಸರು. ಕಂಪನಿ ತೆರೆದ ದಿನ ಅಂಗಡಿಯ ಮುಂದೆ ಇಟ್ಟ ಸರಕು ಮಾತ್ರ ಮೇಬಲ್.

ನಂತರದ್ದು ತಮಾಷೆಯಾಗಿದೆ. ಹೆಸರನ್ನೇ ಬಚ್ಚಿಟ್ಟಿದ್ದ ಉದ್ಯಮ ಈಗ ಚಿತ್ರದ ಶೀರ್ಷಿಕೆಗೇ ಅವಳ ಹೆಸರಿಡತೊಡಗಿತು. 'ಮೇಬಲ್ಸ್ ನರ್ವ್', 'ಮೇಬಲ್ಸ್ ಬಿಸಿ ಡೇ', 'ಹಲೋ ಮೇಬಲ್', ಹೀಗೆ ಸಾಲುಸಾಲು. ಪಾತ್ರದ ಹೆಸರೂ ಮೇಬಲ್, ನಟಿಯ ಹೆಸರೂ ಮೇಬಲ್. 1913ರ ಕೊನೆಗೆ, ಇನ್ನು ಮುಂದೆ ತನ್ನ ಚಿತ್ರಗಳನ್ನು ತಾನೇ ನಿರ್ದೇಶಿಸುತ್ತಾಳೆಂಬ ಸುದ್ದಿ ಸಿನಿಮಾ ವ್ಯಾಪಾರದ ಪತ್ರಿಕೆಗಳಲ್ಲಿ ಬಂತು. ಆದರೆ ಕೀಸ್ಟೋನ್ ಚಿತ್ರಗಳ ಆರಂಭದಲ್ಲಿ ನಿರ್ದೇಶಕರ ಹೆಸರು ತೋರಿಸುವ ಪದ್ಧತಿಯೇ ಇರಲಿಲ್ಲ. ಶೀರ್ಷಿಕೆಯಲ್ಲಿ ಮೇಬಲ್ ಇದ್ದಾಳೆ, ತೆರೆಯ ತುಂಬ ಮೇಬಲ್ ಇದ್ದಾಳೆ, ಮಾಡಿದವರು ಯಾರು ಎಂಬ ಜಾಗದಲ್ಲಿ ಕಂಪನಿಯ ಗುರುತೊಂದೇ ಇದೆ. ಪ್ರಕರಣದ ಗಂಟು ಇಲ್ಲೇ ಬೀಳುತ್ತದೆ.

ಹೋಟೆಲಿನ ಮೊಗಸಾಲೆ

1914ರ ಜನವರಿಯಲ್ಲಿ ಚಿತ್ರೀಕರಿಸಿ ಫೆಬ್ರುವರಿ 9ರಂದು ಬಿಡುಗಡೆ ಮಾಡಿದ 'ಮೇಬಲ್ಸ್ ಸ್ಟ್ರೇಂಜ್ ಪ್ರೆಡಿಕಮೆಂಟ್' ಒಂದು ರೀಲಿನ ಚಿತ್ರ. ನಿರ್ದೇಶನ ಮೇಬಲ್‌ದೇ ಎಂದು ಇಂದಿನ ಸಂಶೋಧಕರು ದಾಖಲಿಸುತ್ತಾರೆ. ಸಿನಿಮಾ ಇತಿಹಾಸದ ಪುಸ್ತಕಗಳಲ್ಲಿ ಇದಕ್ಕೆ ಜಾಗ ಸಿಕ್ಕಿರುವುದು ಒಂದೇ ಕಾರಣಕ್ಕೆ. ಚಾಪ್ಲಿನ್ ದೊಗಲೆ ಪ್ಯಾಂಟು, ಬಿಗಿ ಕೋಟು, ಪುಟ್ಟ ಮೀಸೆ, ಬೆತ್ತ ಹಿಡಿದ ಅಲೆಮಾರಿಯ ವೇಷವನ್ನು ಮೊದಲು ತೊಟ್ಟದ್ದು ಈ ಚಿತ್ರಕ್ಕಾಗಿ. ಇದೇ ವೇಷದ ಇನ್ನೊಂದು ಚಿತ್ರ ಎರಡು ದಿನ ಮೊದಲು ತೆರೆಕಂಡಿತು, ಹಾಗಾಗಿ ಮೊದಲ ಗೌರವವೂ ಅದಕ್ಕೇ ಹೋಯಿತು.

ಚಾಪ್ಲಿನ್‌ನನ್ನು ಹುಡುಕಿಕೊಂಡು ಈ ಚಿತ್ರ ನೋಡಲು ಹೋದವರು ಮೊದಲ ನಿಮಿಷಗಳಲ್ಲಿ ಬೇಕಾದಷ್ಟು ಕಾಣುತ್ತಾರೆ. ಕುಡಿದು ಹೋಟೆಲಿನ ಮೊಗಸಾಲೆಗೆ ಬಂದ ಅಲೆಮಾರಿ ಅಲ್ಲಿನ ಹೆಂಗಸರನ್ನೆಲ್ಲ ನೋಡಿ ಟೋಪಿ ಎತ್ತುತ್ತಾನೆ, ಮೇಬಲ್‌ಳ ನಾಯಿಯ ಹಗ್ಗಕ್ಕೆ ಸಿಕ್ಕಿಕೊಳ್ಳುತ್ತಾನೆ. ಆದರೆ ಕಥೆ ನಡೆಯುವುದು ಮೇಲಿನ ಮಹಡಿಯಲ್ಲಿ. ರಾತ್ರಿಯುಡುಗೆ ತೊಟ್ಟ ಮೇಬಲ್ ಹೊರಗೆ ಕಾಲಿಟ್ಟಾಗ ಕೋಣೆಯ ಬಾಗಿಲು ಹಿಂದಿನಿಂದ ಮುಚ್ಚಿ ಬೀಗ ಬೀಳುತ್ತದೆ. ಓಣಿಯಲ್ಲಿ ಅಲೆಮಾರಿ ಬರುತ್ತಿದ್ದಾನೆ. ಅವಳು ಎದುರಿನ ಕೋಣೆಗೆ ನುಗ್ಗಿ ಮಂಚದ ಕೆಳಗೆ ಸೇರುತ್ತಾಳೆ. ಆ ಕೋಣೆಯಲ್ಲಿರುವುದು ಮದುವೆಯಾದ ಗಂಡಸು. ಅವನ ಹೆಂಡತಿ ಬರುತ್ತಾಳೆ, ಮೇಬಲ್‌ಳ ಪ್ರಿಯತಮನೂ ಬರುತ್ತಾನೆ.

ಈಗ ಮೇಬಲ್‌ಳ ಮುಖವನ್ನಷ್ಟೇ ನೋಡಿ. 1914ರ ಕೀಸ್ಟೋನ್ ಚಿತ್ರಗಳಲ್ಲಿ ಎಲ್ಲರೂ ಕೈಕಾಲು ಬೀಸುತ್ತಾರೆ, ಹುಬ್ಬು ಕುಣಿಸುತ್ತಾರೆ, ಕೋಪ ಬಂದರೆ ಎರಡಡಿ ಮೇಲಕ್ಕೆ ನೆಗೆಯುತ್ತಾರೆ. ಮೇಬಲ್ ಸಣ್ಣದಾಗಿ ಆಡುತ್ತಾಳೆ. ಉಸಿರು ಹಿಡಿಯುತ್ತಾಳೆ, ಕಣ್ಣು ಬಾಗಿಲ ಕಡೆ ಸರಿಯುತ್ತದೆ, ಒಂದು ಕ್ಷಣ ತನ್ನ ಪಾಡಿಗೆ ತಾನೇ ನಗುವಂತೆ ತುಟಿ ಅಲುಗುತ್ತದೆ, ಮತ್ತೆ ಭಯ. ಹತ್ತಿರದಲ್ಲಿ ಕ್ಯಾಮೆರಾ ಇದೆ, ಕೂಗಬೇಕಾಗಿಲ್ಲ ಎಂಬುದು ಅವಳಿಗೆ ಗೊತ್ತಿದೆ. ಇದನ್ನು ಅವಳು ಗ್ರಿಫಿತ್‌ನ ದುಃಖದ ಚಿತ್ರಗಳಲ್ಲಿ ಕಲಿತು ಹಾಸ್ಯಕ್ಕೆ ತಂದಳು ಎಂಬುದು ನನ್ನ ಊಹೆ. ಮುಂದೆ ಚಾಪ್ಲಿನ್‌ನನ್ನು ಹೊಗಳುವಾಗ ಎಲ್ಲರೂ ಹೇಳುವ ಮಾತು ಇದೇ, ಓಟದ ನಡುವೆ ನಿಂತು ಮುಖದಲ್ಲಿ ಯೋಚಿಸುವುದನ್ನು ಹಾಸ್ಯಕ್ಕೆ ತಂದವನು ಎಂದು. ಅವನು ಕಂಪನಿಗೆ ಬಂದಾಗ ಅಲ್ಲಿ ಹಾಗೆ ನಟಿಸುತ್ತಿದ್ದವಳು ಮೇಬಲ್. ಕಲಿಸಿದಳು ಎಂದು ನಾನು ಹೇಳುತ್ತಿಲ್ಲ. ಪಕ್ಕದಲ್ಲೇ ಇದ್ದಳು ಎನ್ನುತ್ತಿದ್ದೇನೆ.

ಅದೇ ವರ್ಷದ 'ಮೇಬಲ್ಸ್ ಬ್ಲಂಡರ್' ನನಗೆ ಇನ್ನೂ ಇಷ್ಟ. ಕಚೇರಿಯಲ್ಲಿ ಕೆಲಸ ಮಾಡುವ ಮೇಬಲ್‌ಗೂ ಯಜಮಾನನ ಮಗನಿಗೂ ಗುಟ್ಟಿನ ನಿಶ್ಚಿತಾರ್ಥವಾಗಿದೆ. ಯಜಮಾನನ ಕಣ್ಣೂ ಅವಳ ಮೇಲಿದೆ. ಹುಡುಗ ಬೇರೊಬ್ಬ ಹೆಣ್ಣನ್ನು ಅಪ್ಪಿಕೊಳ್ಳುವುದನ್ನು ನೋಡಿ ಉರಿದುಹೋದ ಮೇಬಲ್, ಕಾರು ಓಡಿಸುವ ತನ್ನ ಅಣ್ಣನ ಜೊತೆ ಬಟ್ಟೆ ಬದಲಾಯಿಸಿಕೊಂಡು ಡ್ರೈವರ್ ವೇಷದಲ್ಲಿ ಅವರನ್ನು ಹಿಂಬಾಲಿಸುತ್ತಾಳೆ. ಆ ಇನ್ನೊಬ್ಬ ಹೆಣ್ಣು ಹುಡುಗನ ಅಕ್ಕ ಎಂಬುದು ಕೊನೆಗೆ ಹೊರಬೀಳುತ್ತದೆ. ಕಥೆ ಅಗ್ಗದ್ದೇ. ಆದರೆ ಗಂಡಿನ ಕೋಟು, ಟೋಪಿ, ಕಾರಿನ ಕನ್ನಡಕ ತೊಟ್ಟು ಕುಳಿತ ಮೇಬಲ್ ಹೊಟ್ಟೆಕಿಚ್ಚನ್ನು ಹೆಗಲಿನಲ್ಲೇ ತೋರಿಸುತ್ತಾಳೆ. 2009ರಲ್ಲಿ ಈ ಚಿತ್ರವನ್ನು ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಪಟ್ಟಿಗೆ ಸೇರಿಸಲಾಯಿತು.

ಪೈಪಿನ ಜಗಳ ಮುಗಿದದ್ದು ಹೇಗೆ? ಸೆನೆಟ್ ಆ ಸಂಜೆ ಸಿಟ್ಟಿನಿಂದ ಬಂದ, ಹೇಳಿದ್ದು ಮಾಡು ಇಲ್ಲವೇ ಹೊರಡು ಎಂದ. ಮರುದಿನ ಬೆಣ್ಣೆಯಂತಾಗಿದ್ದ. ಚಾಪ್ಲಿನ್ ಚಿತ್ರಗಳು ಚೆನ್ನಾಗಿ ಓಡುತ್ತಿವೆ, ಇನ್ನಷ್ಟು ಬೇಗ ಕಳಿಸು ಎಂದು ನ್ಯೂಯಾರ್ಕ್‌ನಿಂದ ತಂತಿ ಬಂದಿತ್ತು ಎಂಬುದು ಚಾಪ್ಲಿನ್‌ಗೆ ಆಮೇಲೆ ತಿಳಿಯಿತು. ಮೇಬಲ್ ಮೆತ್ತಗಾಗಿ ಅವನ ಸಲಹೆ ಕೇಳತೊಡಗಿದಳಂತೆ. ಅವಳು ಬಲು ಒಳ್ಳೆಯವಳು, ಚೆಲುವೆ, ಎಲ್ಲರಿಗೂ ಇಷ್ಟವಾದವಳು, ನಿರ್ದೇಶನ ಮಾತ್ರ ಬರುತ್ತಿರಲಿಲ್ಲ ಎಂಬ ಧಾಟಿಯಲ್ಲಿ ಚಾಪ್ಲಿನ್ ಬರೆದಿದ್ದಾನೆ. ಆ ಜಗಳದ ನಂತರವೂ ಅವಳು ನಿರ್ದೇಶಿಸಿದ 'ಕಾಟ್ ಇನ್ ಎ ಕ್ಯಾಬರೆ'ಯಲ್ಲಿ ಇಬ್ಬರೂ ಸೇರಿ ನಟಿಸಿದರು. ವರ್ಷದ ಕೊನೆಗೆ ಸೆನೆಟ್‌ನ ಆರು ರೀಲಿನ 'ಟಿಲ್ಲೀಸ್ ಪಂಕ್ಚರ್ಡ್ ರೊಮ್ಯಾನ್ಸ್'ನಲ್ಲೂ ಜೊತೆಗಿದ್ದರು. ಅಷ್ಟರಲ್ಲಿ ಚಾಪ್ಲಿನ್ ಹೆಚ್ಚು ಸಂಬಳಕ್ಕೆ ಬೇರೆ ಕಂಪನಿಗೆ ಹೊರಟಿದ್ದ.

ಸೆನೆಟ್‌ನ ನೆನಪಿನ ಭರವಸೆ ಎಷ್ಟು ಎಂಬುದಕ್ಕೆ ಒಂದು ಮಾದರಿ. ಸಿನಿಮಾದಲ್ಲಿ ಮುಖಕ್ಕೆ ಕಡುಬು ಎಸೆಯುವ ಹಾಸ್ಯ ಹುಟ್ಟಿದ್ದು ಮೇಬಲ್‌ಳಿಂದ, ಒಂದು ದಿನ ಮೆಳ್ಳೆಗಣ್ಣಿನ ಬೆನ್ ಟರ್ಪಿನ್‌ನ ಮುಖಕ್ಕೆ ಅವಳು ಎಸೆದಳು ಎಂದು ಅವನು ಹೇಳಿಕೊಂಡ. ಟರ್ಪಿನ್ ಸೆನೆಟ್‌ನ ಬಳಿಗೆ ಬಂದದ್ದೇ 1917ರಲ್ಲಿ. ಮೇಬಲ್ 1913ರ 'ಎ ನಾಯ್ಸ್ ಫ್ರಮ್ ದ ಡೀಪ್'ನಲ್ಲೇ 'ಫ್ಯಾಟಿ' ಎಂದೇ ಹೆಸರಾದ ದಢೂತಿ ನಟ ರಾಸ್ಕೊ ಆರ್ಬಕಲ್‌ನ ಮುಖಕ್ಕೆ ಕಡುಬು ಎಸೆದಾಗಿತ್ತು. ಅವಳನ್ನು ಹೊಗಳುವ ಕಥೆಯೂ ಹೀಗೆ ತಪ್ಪು ವಿಳಾಸಕ್ಕೆ ಹೋಗುತ್ತದೆ.

ತೇಲುವ ಮನೆ

ಚಾಪ್ಲಿನ್ ಹೋದ ಮೇಲೆ ಮೇಬಲ್‌ಗೆ ಜೋಡಿಯಾದವನು ಆರ್ಬಕಲ್. ಅವನ ಗಾತ್ರ ದೊಡ್ಡದು, ಹೆಜ್ಜೆ ಹಗುರ. 'ಫ್ಯಾಟಿ ಅಂಡ್ ಮೇಬಲ್' ಚಿತ್ರಗಳಲ್ಲಿ ಅವರು ಒಂದು ಸಾಮಾನ್ಯ ದಂಪತಿಯಂತೆ ಕಾಣುತ್ತಾರೆ, ಬಟ್ಟೆ ಒಗೆಯುತ್ತಾರೆ, ಜಾತ್ರೆಗೆ ಹೋಗುತ್ತಾರೆ, ಜಗಳವಾಡಿ ಒಂದಾಗುತ್ತಾರೆ. 1916ರ ಜನವರಿಯ 'ಫ್ಯಾಟಿ ಅಂಡ್ ಮೇಬಲ್ ಅಡ್ರಿಫ್ಟ್' ಇವುಗಳಲ್ಲಿ ಶ್ರೇಷ್ಠ. ನಿರ್ದೇಶನ ಆರ್ಬಕಲ್‌ನದು. ಹೊಸದಾಗಿ ಮದುವೆಯಾದವರ ಕಡಲತೀರದ ಮನೆಯನ್ನು ಖಳರು ರಾತ್ರೋರಾತ್ರಿ ನೀರಿಗೆ ನೂಕುತ್ತಾರೆ. ಬೆಳಗ್ಗೆ ಎದ್ದರೆ ಮಂಚ ತೇಲುತ್ತಿದೆ.

ಅದಕ್ಕೂ ಮುಂಚೆ ಒಂದು ಗಳಿಗೆ ಇದೆ. ಮೇಬಲ್ ಮಲಗಿದ್ದಾಳೆ. ಆರ್ಬಕಲ್ ಬಾಗಿಲ ಹತ್ತಿರ ನಿಂತಿದ್ದಾನೆ, ಅವನ ನೆರಳು ಗೋಡೆಯ ಮೇಲೆ ಬಿದ್ದಿದೆ. ಅವನು ಬಾಗುತ್ತಾನೆ, ನೆರಳು ಬಾಗುತ್ತದೆ, ನೆರಳಿನ ತುಟಿ ಮಲಗಿದವಳ ಕೆನ್ನೆಗೆ ಮುಟ್ಟುತ್ತದೆ. ಅವಳಿಗೆ ಎಚ್ಚರವಾಗುವುದಿಲ್ಲ. ಬಿದ್ದು ಎದ್ದು ಒದೆಯುವ ಕಂಪನಿಯಿಂದ ಇಂಥ ಚಿತ್ರ ಬಂದಿದ್ದನ್ನು ನೋಡಿದಾಗಲೆಲ್ಲ ಆಶ್ಚರ್ಯವಾಗುತ್ತದೆ.

ಸೆನೆಟ್ ಮತ್ತು ಮೇಬಲ್ ಮದುವೆಯಾಗುತ್ತಾರೆಂದು ಎಲ್ಲರೂ ಅಂದುಕೊಂಡಿದ್ದರು. 1915ರಲ್ಲಿ ಅದು ಮುರಿಯಿತು. ಅದೇ ಶರತ್ಕಾಲದಲ್ಲಿ ಮೇಬಲ್‌ಳ ತಲೆಗೆ ಗಂಭೀರ ಪೆಟ್ಟಾಗಿ ಆಸ್ಪತ್ರೆ ಸೇರಿದಳು. ಚಿತ್ರೀಕರಣದ ಅಪಘಾತ ಎಂದು ಒಂದು ಮಾತು, ಸೆನೆಟ್‌ನ ಜೊತೆ ಇನ್ನೊಬ್ಬ ನಟಿಯನ್ನು ಕಂಡಾಗ ನಡೆದ ರಂಪ ಎಂದು ಇನ್ನೊಂದು ಮಾತು. ಸೆನೆಟ್ ಪರಿಹಾರವೆಂಬಂತೆ ಅವಳ ಹೆಸರಿನಲ್ಲೇ ಕಂಪನಿ ತೆರೆದ, ಮೇಬಲ್ ನಾರ್ಮಂಡ್ ಫೀಚರ್ ಫಿಲ್ಮ್ ಕಂಪನಿ. ಸ್ಟುಡಿಯೋದ ಮೇಲೆ ಹೆಸರು ದೊಡ್ಡದಾಗಿತ್ತು, ಯಜಮಾನಿಕೆ ಅವನದೇ ಇತ್ತು. ಅಲ್ಲಿ ಮಾಡಿದ ಒಂದೇ ಚಿತ್ರ 'ಮಿಕ್ಕಿ'. ಗಣಿ ಊರಿನ ಅನಾಥ ಹುಡುಗಿ ಶ್ರೀಮಂತ ನೆಂಟರ ಮನೆಗೆ ಬಂದು ಕೆಲಸದವಳಾಗುತ್ತಾಳೆ, ಕುದುರೆ ಸವಾರನ ವೇಷ ತೊಟ್ಟು ಪಂದ್ಯಕ್ಕೆ ಇಳಿಯುತ್ತಾಳೆ, ಮನೆಯ ಸೂರಿನಿಂದ ಜೋತಾಡುತ್ತಾಳೆ. ಮಾಲೀಕರ ಜಗಳದಲ್ಲಿ ಈ ಚಿತ್ರ ಕಪಾಟಿನಲ್ಲೇ ಕೂತಿತು. 1918ರ ಆಗಸ್ಟ್‌ನಲ್ಲಿ ಹೊರಬಿದ್ದಾಗ ಅಮೆರಿಕದ ಊರೂರಿನಲ್ಲಿ ತಿಂಗಳುಗಟ್ಟಲೆ ಓಡಿತು. ಅದರ ಹೆಸರಿನ ಹಾಡಿನ ಪುಸ್ತಿಕೆಯ ಮುಖಪುಟದಲ್ಲಿ ಮೇಬಲ್‌ಳ ಫೋಟೊ ಮನೆಮನೆಯ ಪಿಯಾನೊ ಸೇರಿತು.

ಅಷ್ಟರಲ್ಲಿ ಅವಳು ಕಾದು ಬೇಸತ್ತು ಸ್ಯಾಮುಯೆಲ್ ಗೋಲ್ಡ್ವಿನ್‌ನ ಕಂಪನಿ ಸೇರಿಯಾಗಿತ್ತು. ಅಲ್ಲಿ 1918ರಿಂದ ಸಾಲಾಗಿ ಚಿತ್ರಗಳು ಬಂದವು. ಹೆಚ್ಚಿನವು ಇಂದು ಇಲ್ಲ, ಇಲ್ಲದ ಚಿತ್ರಗಳ ಬಗ್ಗೆ ತೀರ್ಪು ಕೊಡಲು ನನಗೆ ಇಷ್ಟವಿಲ್ಲ. ಕಂಪನಿ ದುಡ್ಡಿಲ್ಲದೆ ಒದ್ದಾಡುತ್ತಿದ್ದಾಗ ಅವಳು ತನ್ನ ಉಳಿತಾಯದ ಯುದ್ಧ ಬಾಂಡ್‌ಗಳನ್ನು ಲಕೋಟೆಯಲ್ಲಿ ತಂದು ಯಜಮಾನನ ಮುಂದೆ ಇಟ್ಟಳು ಎಂದು ಗೋಲ್ಡ್ವಿನ್ ತಾನೇ ನೆನೆದಿದ್ದಾನೆ.

ಕಡಲೆಕಾಯಿ ಸಿಪ್ಪೆ

1921ರ ಸೆಪ್ಟೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಹೋಟೆಲೊಂದರ ಔತಣದ ನಂತರ ವರ್ಜೀನಿಯಾ ರಾಪೆ ಎಂಬ ನಟಿ ತೀರಿಕೊಂಡಳು. ಆರೋಪ ಆರ್ಬಕಲ್‌ನ ಮೇಲೆ ಬಂತು. ಮೂರು ವಿಚಾರಣೆ ನಡೆದು 1922ರ ಏಪ್ರಿಲ್‌ನಲ್ಲಿ ಅವನು ನಿರ್ದೋಷಿ ಎಂದು ತೀರ್ಪಾಯಿತು. ಒಂದೇ ವಾರದಲ್ಲಿ, ಉದ್ಯಮದ ಮಾನ ಉಳಿಸಲೆಂದು ನೇಮಕವಾಗಿದ್ದ ವಿಲ್ ಹೇಸ್ ಅವನ ಚಿತ್ರಗಳಿಗೆ ತಡೆ ಹಾಕಿದ. ಆರ್ಬಕಲ್ ಚಿತ್ರಗಳ ಜೊತೆ 'ಫ್ಯಾಟಿ ಅಂಡ್ ಮೇಬಲ್'ಗಳೂ ಕತ್ತಲೆಗೆ ಹೋದವು. ಮೇಬಲ್ ಮಾಡದ ತಪ್ಪಿಗೆ ತೆತ್ತ ಮೊದಲ ದಂಡ ಅದು.

ಎರಡನೆಯದು ಅದಕ್ಕೂ ಮೊದಲೇ ಶುರುವಾಗಿತ್ತು. 1922ರ ಫೆಬ್ರುವರಿ 1ರ ಸಂಜೆ ಏಳರ ಸುಮಾರಿಗೆ ಮೇಬಲ್ ತನ್ನ ಕಾರಿನಲ್ಲಿ ಅಲ್ವರಾಡೊ ಬೀದಿಯಲ್ಲಿದ್ದ ನಿರ್ದೇಶಕ ವಿಲಿಯಂ ಡೆಸ್ಮಂಡ್ ಟೇಲರ್‌ನ ಮನೆಗೆ ಹೋದಳು. ಟೇಲರ್ ಓದುಗ, ಅವಳಿಗೆ ಪುಸ್ತಕ ಕೊಡುತ್ತಿದ್ದ. ದಾರಿಯಲ್ಲಿ ಕಡಲೆಕಾಯಿ ಕೊಂಡು ತಿನ್ನುತ್ತಾ ಬಂದಿದ್ದಳು. ಅವಳು ಒಳಗಿದ್ದಾಗ ಡ್ರೈವರ್ ಕಾರಿನೊಳಗೆ ಚೆಲ್ಲಿದ್ದ ಸಿಪ್ಪೆ ಗುಡಿಸಿದ. ಮುಕ್ಕಾಲು ಗಂಟೆಯ ನಂತರ ಪುಸ್ತಕ ಹಿಡಿದು ಹೊರಬಂದಳು. ಟೇಲರ್ ಕಾರಿನ ತನಕ ಬಂದು ಬೀಳ್ಕೊಟ್ಟ. ಮರುದಿನ ಬೆಳಗ್ಗೆ ಮನೆಯಾಳು ಬಾಗಿಲು ತೆರೆದಾಗ ಟೇಲರ್ ಗುಂಡೇಟಿನಿಂದ ಸತ್ತು ಬಿದ್ದಿದ್ದ.

ಪೊಲೀಸರು ಮೇಬಲ್‌ಳ ಮೇಲಿನ ಗುಮಾನಿಯನ್ನು ಕೈಬಿಟ್ಟರು. ಕೊಂದವರು ಯಾರೆಂದು ಇಂದಿಗೂ ಇತ್ಯರ್ಥವಾಗಿಲ್ಲ. ಆದರೆ ಕೊಲೆಗಾರನನ್ನು ಬಿಟ್ಟರೆ ಟೇಲರ್‌ನನ್ನು ಕೊನೆಗೆ ಜೀವಂತ ಕಂಡವಳು ಅವಳು ಎಂಬ ಒಂದು ಸಾಲು ಪತ್ರಿಕೆಗಳಿಗೆ ಸಾಕಾಯಿತು. ಕಡಲೆಕಾಯಿ ಸಿಪ್ಪೆಯ ತನಕ ಎಲ್ಲವೂ ಅಚ್ಚಾಯಿತು. ಅವಳ ಪತ್ರಗಳು, ಪ್ರೇಮ, ಮಾದಕವಸ್ತು, ಇದ್ದದ್ದು ಇಲ್ಲದ್ದು. ವರ್ಷಗಟ್ಟಲೆ ಶೀರ್ಷಿಕೆಯಲ್ಲಿ ಹೆಸರು ಹಾಕಿ ಬೆಳೆಸಿದ್ದರ ಬೆಲೆ ಈಗ ತಿಳಿಯಿತು. ಪಾತ್ರದ ಹೆಸರೂ ಅವಳದೇ ಆಗಿದ್ದರಿಂದ, ತೆರೆಯ ಮೇಲಿನ ತುಂಟ ಮೇಬಲ್‌ಗೂ ಸಾಕ್ಷಿಕಟ್ಟೆಯ ಮೇಬಲ್‌ಗೂ ನಡುವೆ ಮರೆಯಾಗಲು ಬೇರೊಂದು ಹೆಸರೂ ಇರಲಿಲ್ಲ.

ಆದರೂ ಅವಳು ಎದ್ದಳು. 1923ರ 'ದಿ ಎಕ್ಸ್‌ಟ್ರಾ ಗರ್ಲ್' ಅವಳ ಕೊನೆಯ ದೊಡ್ಡ ಚಿತ್ರ, ನಿರ್ದೇಶನ ಎಫ್. ರಿಚರ್ಡ್ ಜೋನ್ಸ್. ಹಳ್ಳಿಯ ಹುಡುಗಿ ತಾರೆಯಾಗಲು ಹಾಲಿವುಡ್‌ಗೆ ಬಂದು ಸ್ಟುಡಿಯೋದಲ್ಲಿ ಚಿಲ್ಲರೆ ಕೆಲಸಕ್ಕೆ ಸೇರುತ್ತಾಳೆ. ಸಿಂಹದ ವೇಷ ಹಾಕಿದ ನಾಯಿ ಎಂದುಕೊಂಡು ನಿಜವಾದ ಸಿಂಹದ ಕೊರಳಿಗೆ ಹಗ್ಗ ಬಿಗಿದು ಸ್ಟುಡಿಯೋ ತುಂಬ ಎಳೆದುಕೊಂಡು ನಡೆಯುತ್ತಾಳೆ. ಹಿಂದೆ ಜನ ಓಡುತ್ತಿದ್ದಾರೆ, ಮೇಜು ಉರುಳುತ್ತಿವೆ. ಅವಳು ಹಗ್ಗ ಜಗ್ಗಿ, ಬಾರೋ ಎಂಬಂತೆ ಗದರಿಸುತ್ತಾಳೆ. ಹತ್ತು ವರ್ಷದ ಹಿಂದಿನ ಕೀಸ್ಟೋನ್ ಆಗಿದ್ದರೆ ಸಿಂಹವೇ ನಗೆಯಾಗುತ್ತಿತ್ತು. ಇಲ್ಲಿ ನಗು ಬರುವುದು ಅವಳ ನಡಿಗೆಯ ನಿರಾಳಕ್ಕೆ.

1924ರ ಹೊಸ ವರ್ಷದ ದಿನ ಮತ್ತೊಂದು ಗುಂಡು. ಚಾಪ್ಲಿನ್ ಚಿತ್ರಗಳ ನಾಯಕಿ ಎಡ್ನಾ ಪರ್ವಿಯನ್ಸ್ ಮತ್ತು ಮೇಬಲ್ ಇದ್ದ ಮನೆಯಲ್ಲಿ, ತೈಲ ವ್ಯಾಪಾರದ ಶ್ರೀಮಂತ ಕೋರ್ಟ್‌ಲ್ಯಾಂಡ್ ಡೈನ್ಸ್‌ನಿಗೆ ಮೇಬಲ್‌ಳ ಡ್ರೈವರ್ ಅವಳದೇ ಪಿಸ್ತೂಲಿನಿಂದ ಹೊಡೆದ. ಡೈನ್ಸ್ ಬದುಕಿಕೊಂಡ, ಡ್ರೈವರ್ ಬಿಡುಗಡೆಯಾದ. ಹಲವು ಊರುಗಳಲ್ಲಿ ಮೇಬಲ್ ಚಿತ್ರಗಳನ್ನು ತೋರಿಸಕೂಡದೆಂದರು. ಎಡ್ನಾಳ ವೃತ್ತಿಜೀವನವೂ ಅಲ್ಲಿಗೆ ಹೆಚ್ಚುಕಡಿಮೆ ಮುಗಿಯಿತು. ಗುಂಡು ಹೊಡೆದವನೂ ತಿಂದವನೂ ಗಂಡಸರು, ಕೆಲಸ ಕಳೆದುಕೊಂಡವರು ಅದೇ ಕೋಣೆಯಲ್ಲಿದ್ದ ಇಬ್ಬರು ಹೆಂಗಸರು.

1926ರಲ್ಲಿ ನಿರ್ಮಾಪಕ ಹಾಲ್ ರೋಚ್‌ಗಾಗಿ ಕೆಲವು ಕಿರುಚಿತ್ರಗಳಲ್ಲಿ ನಟಿಸಿದಳು. ಅದೇ ಸೆಪ್ಟೆಂಬರ್‌ನಲ್ಲಿ ನಟ ಲೂ ಕೋಡಿಯನ್ನು ಮದುವೆಯಾದಳು. ಕ್ಷಯ ಆಗಲೇ ಹಿಡಿದಿತ್ತು. 1930ರ ಫೆಬ್ರುವರಿ 23ರಂದು, ಕ್ಯಾಲಿಫೋರ್ನಿಯಾದ ಮನ್ರೋವಿಯಾದಲ್ಲಿದ್ದ ಕ್ಷಯರೋಗ ಆಸ್ಪತ್ರೆಯಲ್ಲಿ ತೀರಿಕೊಂಡಳು. ವಯಸ್ಸು 37. ಸಿನಿಮಾಕ್ಕೆ ಮಾತು ಬಂದು ಎರಡೂವರೆ ವರ್ಷವಾಗಿತ್ತು, ತೆರೆಯ ಮೇಲೆ ಅವಳ ದನಿಯನ್ನು ಯಾರೂ ಕೇಳಲಿಲ್ಲ.

ನ್ಯೂಜಿಲೆಂಡಿನ ಡಬ್ಬಿ

ಹಗರಣಗಳೇ ಮೇಬಲ್‌ಳನ್ನು ಮರೆಸಿದವು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಹಗರಣದಿಂದ ಅವಳ ಹೆಸರು ಉಳಿಯಿತು, ಕೊಲೆಯ ಕಥೆ ಹೇಳುವವರೆಲ್ಲ ಅವಳನ್ನು ನೆನೆಯುತ್ತಾರೆ. 1950ರ 'ಸನ್‌ಸೆಟ್ ಬುಲೆವಾರ್ಡ್' ಚಿತ್ರದ ಹುಚ್ಚು ಮುದಿತಾರೆ ನಾರ್ಮಾ ಡೆಸ್ಮಂಡ್‌ಳ ಹೆಸರಿನಲ್ಲಿ ನಾರ್ಮಂಡ್ ಮತ್ತು ಡೆಸ್ಮಂಡ್ ಟೇಲರ್ ಇಬ್ಬರೂ ಇದ್ದಾರೆ ಎಂಬ ಮಾತಿದೆ. 1974ರಲ್ಲಿ ಬ್ರಾಡ್‌ವೇಯಲ್ಲಿ ಅವಳ ಬದುಕಿನ ಸಂಗೀತ ನಾಟಕವೊಂದು ರಂಗಕ್ಕೆ ಬಂತು, ಹೆಸರು 'ಮ್ಯಾಕ್ ಅಂಡ್ ಮೇಬಲ್'. ಮ್ಯಾಕ್ ಮೊದಲು. ಉಳಿಯದೆ ಹೋದದ್ದು ಕೆಲಸ, ಮತ್ತು ಆ ಕೆಲಸ ಅವಳದು ಎಂಬ ದಾಖಲೆ.

ದಾಖಲೆ ಅಳಿದದ್ದಕ್ಕೆ ಯಾರ ಪಿತೂರಿಯೂ ಬೇಕಾಗಿರಲಿಲ್ಲ. ಕೀಸ್ಟೋನ್ ಹೆಸರು ಹಾಕಲಿಲ್ಲ. ಮುಂದೆ ಪಟ್ಟಿ ಮಾಡಿದವರು ಚಾಪ್ಲಿನ್ ಇದ್ದ ಚಿತ್ರಗಳನ್ನೇ ಮೊದಲು ಪಟ್ಟಿ ಮಾಡಿದರು. ನಿರ್ದೇಶಕರ ಕಲಂನಲ್ಲಿ ಸೆನೆಟ್ ಎಂದು ಬರೆಯುವುದು ಸುಲಭವಿತ್ತು, ಅನುಮಾನ ಬಂದಲ್ಲಿ ಸೆನೆಟ್ ಮತ್ತು ನಾರ್ಮಂಡ್ ಎಂದು ಸೇರಿಸಿದರು. ಚಿತ್ರಗಳೂ ಹೋದವು. ಆಗಿನ ಫಿಲ್ಮ್ ಸೆಲ್ಯುಲೋಸ್ ನೈಟ್ರೇಟ್‌ನದು. ಬೇಗ ಹೊತ್ತಿಕೊಳ್ಳುತ್ತದೆ, ಹೊತ್ತಿಕೊಳ್ಳದಿದ್ದರೆ ಡಬ್ಬಿಯೊಳಗೇ ಅಂಟಾಗಿ, ಪುಡಿಯಾಗಿ ಕೊಳೆಯುತ್ತದೆ. ಅಮೆರಿಕದ ಮೂಕಿ ಕಾಲದ ಪೂರ್ಣಪ್ರಮಾಣದ ಚಿತ್ರಗಳಲ್ಲಿ ಶೇಕಡಾ 70ರಷ್ಟು ನಾಶವಾಗಿವೆ ಎಂದು ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಲೆಕ್ಕ ಕೊಟ್ಟಿತು.

ಉಳಿದವು ಕೆಲವೊಮ್ಮೆ ವಿಚಿತ್ರ ಜಾಗದಲ್ಲಿ ಉಳಿಯುತ್ತವೆ. ಹಳೆಯ ಕಾಲದ ವಿತರಣೆಯಲ್ಲಿ ನ್ಯೂಜಿಲೆಂಡ್ ಕೊನೆಯ ನಿಲ್ದಾಣ. ಊರೂರು ತಿರುಗಿ ಸವೆದ ಪ್ರತಿ ಅಲ್ಲಿಗೆ ಮುಟ್ಟುವ ಹೊತ್ತಿಗೆ, ವಾಪಸು ಕಳಿಸುವ ಹಡಗಿನ ಬಾಡಿಗೆ ಪ್ರತಿಯ ಬೆಲೆಗಿಂತ ಹೆಚ್ಚಾಗಿರುತ್ತಿತ್ತು. ಹಾಗಾಗಿ ಅಲ್ಲೇ ಬಿಡುತ್ತಿದ್ದರು. 2010ರಲ್ಲಿ ಅಲ್ಲಿನ ಚಲನಚಿತ್ರ ಸಂಗ್ರಹಾಲಯದಿಂದ ಅಮೆರಿಕಕ್ಕೆ ಮರಳಿದ ಹಳೆಯ ಚಿತ್ರಗಳಲ್ಲಿ 'ವನ್ ಇನ್ ಎ ಕ್ಲಾಸೆಟ್' ಎಂಬ ಒಂದು ರೀಲು ಇತ್ತು. ಬಿಡುಗಡೆ 1914ರ ಜನವರಿ, ಎಂದರೆ ಚಾಪ್ಲಿನ್ ಇನ್ನೂ ತೆರೆಯ ಮೇಲೆ ಕಾಣಿಸಿಕೊಳ್ಳುವ ಮುನ್ನ. ಮೇಬಲ್ ನಿರ್ದೇಶಿಸಿ ನಟಿಸಿದ ಚಿತ್ರಗಳಲ್ಲಿ ಇಂದು ಉಳಿದಿರುವ ಮೊದಲನೆಯದು ಇದೆಂದು ಗುರುತಿಸಿದ್ದಾರೆ.

ದೂರದೇಶದ ಪ್ರೇಕ್ಷಕರಿಗೆ ಕ್ಲಾಸೆಟ್ ಎಂಬ ಅಮೆರಿಕನ್ ಪದ ಬೇಡವೆನಿಸಿ ವಿತರಕರು ಶೀರ್ಷಿಕೆ ಬದಲಾಯಿಸಿದ್ದರು. ಪ್ರತಿಯ ಮೇಲಿದ್ದ ಹೆಸರು 'ವನ್ ಇನ್ ಎ ಕಬರ್ಡ್'.